ಹಬ್ಬಕ್ಕೆ ಎಲ್ಲರೂ ಸೇರಿದಾಗ ಮನೆಯ ಕಥೆಗಳನ್ನು ರೆಕಾರ್ಡ್ ಮಾಡುವುದು ಹೇಗೆ? ಪತ್ತೇದಾರಿ ಕಣ್ಣಿನ ಒಂದು ಸಮಗ್ರ ಮಾರ್ಗದರ್ಶಿ

ಹಬ್ಬಕ್ಕೆ ಮನೆ ತುಂಬ ಜನ ಸೇರುತ್ತಾರೆ. ಊಟ ಮುಗಿದ ಮೇಲೆ ಯಾರೋ ಒಬ್ಬರು ಹಳೇ ಕಥೆ ತೆಗೆಯುತ್ತಾರೆ. ಇನ್ನೊಬ್ಬರು ನಡುವೆ ಬಾಯಿ ಹಾಕಿ "ಅದು ಹಾಗಲ್ಲ" ಎನ್ನುತ್ತಾರೆ. ಆಗ ಯಾರಿಗೋ ಹೊಳೆಯುತ್ತದೆ, ಇದನ್ನೆಲ್ಲ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು ಅಲ್ವಾ? ಮೊಬೈಲ್ ತೆಗೆದು ಟೇಬಲ್ ಮಧ್ಯೆ ಇಡುತ್ತಾರೆ. ಆಮೇಲೆ ಕೇಳಿದರೆ ತಟ್ಟೆ ಲೋಟದ ಸದ್ದು, ಮಕ್ಕಳ ಕೂಗು, ನಾಲ್ಕು ಜನರ ಮಾತು ಒಟ್ಟಿಗೆ. ಅಜ್ಜಿಯ ದನಿ ಎಲ್ಲೋ ದೂರದಲ್ಲಿ.

ಪತ್ತೇದಾರಿ ಕಾದಂಬರಿ ಓದುವವರಿಗೆ ಇದರ ಪರಿಹಾರ ಗೊತ್ತಿರುತ್ತದೆ. ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಸೇರಿಸುವುದು ಕೊನೆಯ ಅಧ್ಯಾಯದಲ್ಲಿ. ಅದಕ್ಕೂ ಮುಂಚೆ ಒಬ್ಬೊಬ್ಬರನ್ನೇ ಬೇರೆ ಬೇರೆ ಮಾತಾಡಿಸಿರುತ್ತಾನೆ. ಮನೆಯ ಕಥೆಗೂ ಅದೇ ಕ್ರಮ ಸರಿ. ಹಬ್ಬದ ಗುಂಪು ಇರುವುದು ಸುಳಿವು ಹಿಡಿಯುವುದಕ್ಕೆ. ರೆಕಾರ್ಡಿಂಗ್ ಏನಿದ್ದರೂ ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬರೊಂದಿಗೆ.

ಮೊದಲು ಒಂದು ಮಾತು: ಸವೆದ ಉತ್ತರಗಳ ಬಗ್ಗೆ

ಪತ್ತೇದಾರಿ ಸಾಹಿತ್ಯಕ್ಕೆಂದೇ ದೊಡ್ಡ ಸಮ್ಮೇಳನಗಳು ನಡೆಯುತ್ತವೆ. ಅಮೆರಿಕದ ಬೌಚರ್‌ಕಾನ್ 1970ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಶುರುವಾಯಿತು. ಆಂಥನಿ ಬೌಚರ್ ಎಂಬ ವಿಮರ್ಶಕರ ನೆನಪಿಗೆ ಆ ಹೆಸರು. ಇಂಥ ವೇದಿಕೆಗಳಲ್ಲಿ ಲೇಖಕರಿಗೆ ಎದುರಾಗುವ ಖಾಯಂ ಪ್ರಶ್ನೆ ಒಂದಿದೆ: "ನಿಮಗೆ ಐಡಿಯಾ ಎಲ್ಲಿಂದ ಬರುತ್ತದೆ?" ಈ ಪ್ರಶ್ನೆಗೆ ಹಳೇ ಲೇಖಕರ ಬಳಿ ಒಂದು ಸಿದ್ಧ ಉತ್ತರ ಇರುತ್ತದೆ. ಚೆನ್ನಾಗಿ ಪಾಲಿಶ್ ಆದದ್ದು, ನಗು ಬರುವ ಜಾಗದಲ್ಲಿ ಸರಿಯಾಗಿ ನಗು ಬರಿಸುವಂಥದ್ದು. ಸಭೆಯೂ ಖುಷಿ, ಲೇಖಕರೂ ಖುಷಿ. ಹೊಸದೇನೂ ಹೊರಬಂದಿರುವುದಿಲ್ಲ.

ಒಳ್ಳೆಯ ನಿರೂಪಕರು ಹಾಗೆ ಕೇಳುವುದಿಲ್ಲ. ಪುಸ್ತಕ ಓದಿಕೊಂಡು ಬಂದು, "ಮೂರನೇ ಅಧ್ಯಾಯದಲ್ಲಿ ಆ ಹೆಂಗಸು ಕೈಚೀಲ ಮರೆತು ಹೋಗುತ್ತಾಳಲ್ಲ, ಯಾಕೆ?" ಎಂದು ಸಣ್ಣದೊಂದನ್ನು ಕೆದಕುತ್ತಾರೆ. ಲೇಖಕರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಕ್ಷಣದ ನಂತರ ಬರುವ ಮಾತು ಹೊಸದು.

ನಮ್ಮ ಮನೆಯ ಹಿರಿಯರೂ ಎಷ್ಟೋ ಹಬ್ಬಗಳಲ್ಲಿ ಅವೇ ಕಥೆಗಳನ್ನು ಹೇಳಿ ಹೇಳಿ ನುಣುಪು ಮಾಡಿಕೊಂಡಿರುತ್ತಾರೆ. ಆ ಆವೃತ್ತಿಯೂ ಬೇಕು, ಅದನ್ನೂ ರೆಕಾರ್ಡ್ ಮಾಡಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಈ ಮಾರ್ಗದರ್ಶಿ ಇರುವುದೇ ಆ ನುಣುಪಿನ ಆಚೆಗೆ ಹೋಗಲು.

ಹಂತ 1: ಯಾರನ್ನು ಮಾತಾಡಿಸಬೇಕು

ಎಲ್ಲರಿಗಿಂತ ಹಿರಿಯರಿಂದ ಶುರು ಮಾಡಿ. ಕಾರಣ ಹೇಳಬೇಕಾಗಿಲ್ಲ. ಆದರೆ ಎರಡನೆಯವರನ್ನು ಆರಿಸುವಾಗ ಮನೆಯ ದೊಡ್ಡ ಮಾತುಗಾರರ ಹಿಂದೆ ಓಡಬೇಡಿ. ಅವರ ಕಥೆಗಳು ಹೇಗೂ ಹತ್ತು ಜನರ ನೆನಪಿನಲ್ಲಿ ಇವೆ. ಮೂಲೆಯಲ್ಲಿ ಕೂತು ಕೇಳುವವರನ್ನು ಹಿಡಿಯಿರಿ. ನನ್ನ ಪ್ರಕಾರ ಅತಿ ಒಳ್ಳೆಯ ಸಾಕ್ಷಿಗಳು ಮದುವೆಯಾಗಿ ಮನೆಗೆ ಬಂದವರು, ಅಂದರೆ ಸೊಸೆ, ಅಳಿಯ. ಹುಟ್ಟಿನಿಂದ ಒಳಗಿದ್ದವರಿಗೆ ಸಹಜವಾಗಿ ಕಂಡದ್ದು ಹೊರಗಿನಿಂದ ಬಂದವರಿಗೆ ವಿಚಿತ್ರವಾಗಿ ಕಂಡಿರುತ್ತದೆ. "ಈ ಮನೆಗೆ ಬಂದ ಮೊದಲ ವಾರ ನಿಮಗೆ ಏನು ಆಶ್ಚರ್ಯ ಅನ್ನಿಸಿತು?" ಎಂದು ಕೇಳಿ ನೋಡಿ.

ಒಂದು ವಾರ ಮುಂಚೆ ಫೋನ್ ಮಾಡಿ ತಿಳಿಸಿ. "ನಿಮ್ಮ ಜೀವನದ ಕಥೆ ಹೇಳಿ" ಎಂದರೆ ಬಹಳ ಜನ ಗಾಬರಿಯಾಗುತ್ತಾರೆ. "ನನ್ನದೇನಿದೆ ಕಥೆ, ಸುಮ್ನಿರು" ಎಂದು ಮಾತು ಮುಗಿಸುತ್ತಾರೆ. ಅದರ ಬದಲು ಸಣ್ಣದೊಂದು ಕೊಕ್ಕೆ ಹಾಕಿ: "ನೀವು ಚಿಕ್ಕವರಿದ್ದಾಗ ಇದ್ದ ಆ ಹಳೇ ಮನೆಯ ಬಗ್ಗೆ ಸ್ವಲ್ಪ ಕೇಳಬೇಕಿತ್ತು. ಫೋಟೋ ಇದ್ದರೆ ತೆಗೆದಿಡಿ." ಆ ಒಂದು ವಾರದಲ್ಲಿ ಅವರ ನೆನಪು ತಾನೇ ಕೆಲಸ ಶುರು ಮಾಡಿರುತ್ತದೆ.

ಹಂತ 2: ಜಾಗ, ಹೊತ್ತು, ಮೈಕು

ದುಬಾರಿ ಉಪಕರಣ ಬೇಡ. ಕೈಯಲ್ಲಿರುವ ಮೊಬೈಲ್ ಸಾಕು. ರೆಕಾರ್ಡಿಂಗ್ ಕೆಡುವುದಕ್ಕೆ ಕಾರಣ ಸಾಮಾನ್ಯವಾಗಿ ಮೊಬೈಲ್ ಅಲ್ಲ, ದೂರ. ಮೈಕಿಗೂ ಬಾಯಿಗೂ ಇರುವ ಅಂತರ ಎರಡು ಪಟ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯ ಸದ್ದು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಮೊಬೈಲನ್ನು ಮಾತಾಡುವವರ ಹತ್ತಿರ, ಒಂದು ಒಂದೂವರೆ ಗೇಣು ದೂರದಲ್ಲಿ ಇಡಿ. ನಿಮ್ಮ ಪ್ರಶ್ನೆ ಸ್ವಲ್ಪ ಮೆಲ್ಲಗೆ ಕೇಳಿಸಿದರೂ ನಷ್ಟವಿಲ್ಲ. ಬಟ್ಟೆಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಗಲ್ಲದಿಂದ ಒಂದು ಗೇಣು ಕೆಳಗೆ ಹಾಕಿ. ಸರ ಅಥವಾ ಶಾಲು ಅದಕ್ಕೆ ಉಜ್ಜದ ಹಾಗೆ ನೋಡಿಕೊಳ್ಳಿ.

ಮೊಬೈಲನ್ನು ಬರೀ ಟೇಬಲ್ ಮೇಲೆ ಇಡಬೇಡಿ. ಬೆರಳು ತಟ್ಟಿದರೂ ಗುಡುಗಿನ ಹಾಗೆ ಕೇಳಿಸುತ್ತದೆ. ಕೆಳಗೆ ಮಡಿಸಿದ ಟವೆಲ್ ಹಾಕಿ. ಫ್ಯಾನ್ ಆರಿಸಿ, ಟಿಕ್ ಟಿಕ್ ಗಡಿಯಾರ ಹೊರಗಿಡಿ, ಫ್ರಿಜ್ಜಿನ ಪಕ್ಕ ಕೂರಬೇಡಿ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಕೋಣೆ ಖಾಲಿ ಹಾಲ್‌ಗಿಂತ ಎಷ್ಟೋ ವಾಸಿ. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ.

ಮೊಬೈಲ್ ಏರೋಪ್ಲೇನ್ ಮೋಡಿಗೆ ಹಾಕಿ. ನಡುವೆ ಕರೆ ಬಂದರೆ ಕೆಲವು ಆ್ಯಪ್‌ಗಳಲ್ಲಿ ರೆಕಾರ್ಡಿಂಗ್ ನಿಂತೇ ಹೋಗುತ್ತದೆ. ಆ್ಯಪ್ ಸೆಟ್ಟಿಂಗಿನಲ್ಲಿ ವೇವ್ (WAV, ಸದ್ದನ್ನು ಕುಗ್ಗಿಸದೆ ಇಡುವ ಫೈಲ್ ಬಗೆ) ಅಥವಾ ಅತಿ ಉತ್ತಮ ಗುಣಮಟ್ಟ ಆರಿಸಿ. ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ ಸುಮಾರು 600 ಎಂಬಿ ಹಿಡಿಯುತ್ತದೆ. ಮೊನೋ ಆದರೆ ಅದರ ಅರ್ಧ. ಅಷ್ಟು ಜಾಗ ಇದೆಯಾ ಎಂದು ಮೊದಲೇ ನೋಡಿ. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಶುರು ಮಾಡಿ.

ವಿಡಿಯೋ ಮಾಡಬೇಕಾ ಎಂದು ಕೇಳುತ್ತಾರೆ. ಮುಖ ಕಾಣುವುದು ಮುಂದೆ ಖುಷಿ ಕೊಡುತ್ತದೆ, ನಿಜ. ಆದರೆ ಕ್ಯಾಮೆರಾ ಕಂಡರೆ ಕೂದಲು ಸರಿಮಾಡಿಕೊಂಡು ಭಾಷಣದ ದನಿಗೆ ಜಾರುವವರು ಜಾಸ್ತಿ. ನಾನಾದರೆ ಒಂದು ಗಂಟೆ ಆಡಿಯೋ, ಕೊನೆಯಲ್ಲಿ ಐದು ನಿಮಿಷ ವಿಡಿಯೋ ಎನ್ನುತ್ತೇನೆ.

ಹೊತ್ತು? ಬೆಳಗ್ಗೆ, ಗದ್ದಲ ಏಳುವ ಮುಂಚೆ. ಊಟವಾದ ತಕ್ಷಣ ಬೇಡ, ನಿದ್ದೆ ಎಳೆಯುತ್ತದೆ. ಒಂದು ಸಲಕ್ಕೆ 40 ನಿಮಿಷದಿಂದ ಒಂದು ಗಂಟೆ ಸಾಕು. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಸಣ್ಣ ಗೂಡಿನಂಥ ಕೋಣೆ ಕಟ್ಟಿ ಶುರುವಾದ ಸ್ಟೋರಿಕಾರ್ಪ್ಸ್ ಎಂಬ ಸಂಸ್ಥೆ ಸಾಮಾನ್ಯ ಜನರ ಮಾತುಕತೆಯನ್ನು 40 ನಿಮಿಷದ ಅಳತೆಯಲ್ಲೇ ರೆಕಾರ್ಡ್ ಮಾಡುತ್ತಾ ಬಂದಿದೆ. 2015ರಿಂದ ಅವರು ಥ್ಯಾಂಕ್ಸ್‌ಗಿವಿಂಗ್ ಎಂಬ ಅಮೆರಿಕದ ಹಬ್ಬದ ರಜೆಯಲ್ಲಿ ಹೈಸ್ಕೂಲು ಮಕ್ಕಳಿಂದ ಹಿರಿಯರ ಮಾತು ರೆಕಾರ್ಡ್ ಮಾಡಿಸುತ್ತಿದ್ದಾರೆ. ಮಕ್ಕಳ ಕೈಗೆ ಈ ಕೆಲಸ ಕೊಡುವುದು ಜಾಣತನ. ನಮಗೆ "ಗೊತ್ತಿರುವುದೇ ಅಲ್ವಾ" ಎಂದು ಬಿಟ್ಟುಬಿಡುವ ಅಜ್ಜ, ಮೊಮ್ಮಗಳು ಕೇಳಿದರೆ ಮೊದಲಿಂದ ಬಿಡಿಸಿ ಹೇಳುತ್ತಾರೆ.

ಹಂತ 3: ಗುಂಪಿನಲ್ಲಿ ಸುಳಿವು ಹಿಡಿಯಿರಿ

ಎಲ್ಲರೂ ಹರಟುವಾಗ ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿರಲಿ. ಬರೆದುಕೊಳ್ಳಬೇಕಾದದ್ದು ಕಥೆಯನ್ನಲ್ಲ. ಯಾರು ಯಾವಾಗ "ಅದು ಹಾಗಲ್ಲ" ಎಂದರು. ಯಾವ ಹೆಸರು ಬಂದಾಗ ಮಾತು ತಟ್ಟನೆ ಬೇರೆ ಕಡೆ ಹೊರಳಿತು. ಯಾರ ಬಗ್ಗೆ "ಪಾಪ, ಅವನು" ಎಂದು ಹೇಳಿ ಮುಂದೆ ಹೇಳಲಿಲ್ಲ. ಎಲ್ಲರೂ ನಕ್ಕಾಗ ಯಾರು ನಗಲಿಲ್ಲ. ಇವೇ ನಾಳೆಯ ಪ್ರಶ್ನೆಗಳು.

ಕದ್ದು ರೆಕಾರ್ಡ್ ಮಾಡಬೇಡಿ. ಕಾನೂನಿನ ಮಾತು ಹಾಗಿರಲಿ, ಒಮ್ಮೆ ಗೊತ್ತಾದರೆ ಆ ಮನೆಯಲ್ಲಿ ನಿಮ್ಮ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಹಂತ 4: ಒಪ್ಪಿಗೆ ಮತ್ತು ಆರಂಭ

ಮೂರು ವಿಷಯ ಮೊದಲೇ ಹೇಳಿ: ಇದನ್ನು ಯಾರು ಯಾರು ಕೇಳುತ್ತಾರೆ, ಎಲ್ಲಿ ಇಡುತ್ತೇವೆ, ಬೇಡ ಎನ್ನಿಸಿದ ಭಾಗವನ್ನು ಅಳಿಸುತ್ತೇವೆ. ನಿಲ್ಲಿಸುವ ಬಟನ್ ಎಲ್ಲಿದೆ ಎಂದು ತೋರಿಸಿ, ಅದು ಅವರ ಕೈಗೂ ಎಟುಕುವಂತಿರಲಿ. ಬಟನ್ ತಮ್ಮ ಕೈಯಲ್ಲಿದೆ ಎಂದು ಗೊತ್ತಾದವರು ಧೈರ್ಯವಾಗಿ ಮಾತಾಡುತ್ತಾರೆ.

ರೆಕಾರ್ಡಿಂಗ್ ಒತ್ತಿದ ಕೂಡಲೇ ತಾರೀಖು, ಜಾಗ, ಇಬ್ಬರ ಪೂರ್ತಿ ಹೆಸರು, ಸಂಬಂಧ ಇಷ್ಟನ್ನು ಜೋರಾಗಿ ಹೇಳಿ. ಫೈಲಿನ ಹೆಸರು ಕಳೆದುಹೋಗಬಹುದು, ದನಿಯ ಒಳಗಿರುವ ವಿವರ ಕಳೆಯುವುದಿಲ್ಲ. ಮೊದಲ ಪ್ರಶ್ನೆ ತೀರಾ ಸುಲಭದ್ದು ಇರಲಿ. "ನಿಮಗೆ ಈ ಹೆಸರು ಯಾರು ಇಟ್ಟರು?" ಸಾಕು.

ಹಂತ 5: ಪ್ರಶ್ನೆ ಕೇಳುವ ಕಲೆ

ಇಲ್ಲಿಯೇ ಎಲ್ಲ ಇರುವುದು, ಸ್ವಲ್ಪ ನಿಧಾನವಾಗಿ ನೋಡೋಣ.

1980ರ ದಶಕದಲ್ಲಿ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೀಸೆಲ್ಮನ್ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಪೊಲೀಸರಿಗಾಗಿ ಒಂದು ವಿಚಾರಣಾ ವಿಧಾನ ರೂಪಿಸಿದರು. ಸಾಕ್ಷಿಗಳಿಂದ ಹೆಚ್ಚು ವಿವರ ಪಡೆಯುವುದು ಉದ್ದೇಶ. ಅದರಲ್ಲಿ ನಾಲ್ಕು ತಂತ್ರಗಳಿವೆ. ಘಟನೆ ನಡೆದ ಜಾಗವನ್ನು ಮನಸ್ಸಿನಲ್ಲೇ ಮತ್ತೆ ಕಟ್ಟಿಕೊಳ್ಳುವುದು. ಮುಖ್ಯ ಅಲ್ಲ ಅನ್ನಿಸಿದ್ದನ್ನೂ ಬಿಡದೆ ಹೇಳುವುದು. ಕೊನೆಯಿಂದ ಹಿಂದಕ್ಕೆ ಹೇಳುವುದು. ಇನ್ನೊಬ್ಬರು ನಿಂತ ಜಾಗದಿಂದ ನೋಡುವುದು. ಹಬ್ಬದ ಮನೆಯಲ್ಲಿ ಅಜ್ಜಿಯನ್ನು ಕಥೆ ಹಿಂದುಮುಂದಾಗಿ ಹೇಳು ಎಂದರೆ ಬೈಸಿಕೊಳ್ಳುತ್ತೀರಿ. ಮೊದಲ ಎರಡು ಮಾತ್ರ ಇಟ್ಟುಕೊಳ್ಳಿ, ಅವೇ ಬೇಕಾದಷ್ಟು ಕೊಡುತ್ತವೆ.

ಜಾಗ ಕಟ್ಟಿಕೊಳ್ಳಲು ಅತಿ ಸುಲಭದ ದಾರಿ ನಕ್ಷೆ. ಹಳೇ ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆ ನಡೆದ ಮನೆಯ ನಕ್ಷೆ ಅಚ್ಚಾಗಿರುತ್ತಿತ್ತಲ್ಲ, ಹಾಗೆಯೇ. ಒಂದು ದೊಡ್ಡ ಹಾಳೆ, ಪೆನ್ಸಿಲ್ ಕೊಡಿ. "ನೀವು ಬೆಳೆದ ಮನೆ ಬರೆದು ತೋರಿಸಿ" ಎನ್ನಿ. ಚಿತ್ರ ಚೆನ್ನಾಗಿರಬೇಕಿಲ್ಲ. ಬಾಗಿಲು ಎಲ್ಲಿ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಯಾರು ಎಲ್ಲಿ ಮಲಗುತ್ತಿದ್ದರು, ಯಾವ ಕೋಣೆಗೆ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಆ ಕೊನೆಯ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಒಂದು ಕಥೆ ಇದ್ದೇ ಇರುತ್ತದೆ. ಹಾಳೆಗೆ ತಾರೀಖು ಹಾಕಿಸಿ, ಸಹಿ ಹಾಕಿಸಿ, ರೆಕಾರ್ಡಿಂಗಿನ ಜೊತೆ ಇಡಿ.

ಫೋಟೋ ತೋರಿಸಿ ಮಾತಾಡಿಸುವಾಗ ಒಂದು ನಿಯಮ. ಪ್ರತಿ ಫೋಟೋಗೂ ನಂಬರ್ ಕೊಟ್ಟು ಅದನ್ನು ಬಾಯಲ್ಲಿ ಹೇಳಿ. "ಇವನು ನನ್ನ ತಮ್ಮ" ಎಂದು ಬೆರಳಿಟ್ಟರೆ ಆಡಿಯೋಗೆ ಬೆರಳು ಕಾಣುವುದಿಲ್ಲ. "ಫೋಟೋ 4, ಎಡದಿಂದ ಎರಡನೆಯವರು, ಅಲ್ವಾ?" ಎಂದು ನೀವೇ ಸೇರಿಸಿ. ಕೈ ಅಗಲಿಸಿ "ಇಷ್ಟು ದೊಡ್ಡದಿತ್ತು" ಎಂದರೂ ಅಷ್ಟೇ. "ಈ ಬಾಗಿಲಿನಷ್ಟು ಅಗಲನಾ?" ಎಂದು ಅಳತೆಯನ್ನು ಮಾತಿಗೆ ತನ್ನಿ.

ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಕೊಡಬೇಡಿ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಕಾರು ಅಪಘಾತದ ಒಂದೇ ಫಿಲ್ಮನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರಿಗೆ "ಕಾರುಗಳು ತಾಗಿದಾಗ ಎಷ್ಟು ವೇಗ ಇತ್ತು" ಎಂಬಂತೆ ಕೇಳಿದರು, ಕೆಲವರಿಗೆ "ಅಪ್ಪಳಿಸಿದಾಗ" ಎಂಬಂತೆ. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಎಂದು ಕೇಳಿದರು. ಮೊದಲ ಗುಂಪಿನ 50 ಜನರಲ್ಲಿ 7 ಮಂದಿ ಹೌದೆಂದರು. ಎರಡನೇ ಗುಂಪಿನ 50 ಜನರಲ್ಲಿ 16 ಮಂದಿ. ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ಒಂದು ಕ್ರಿಯಾಪದ ಇಷ್ಟು ಕೆಲಸ ಮಾಡಿತು. ಹಾಗಾಗಿ "ನಿಮ್ಮಪ್ಪ ತುಂಬ ಸಿಟ್ಟಿನವರಂತೆ, ಹೌದಾ?" ಬೇಡ. "ನಿಮ್ಮಪ್ಪ ಸಂಜೆ ಮನೆಗೆ ಬಂದಾಗ ಏನಾಗುತ್ತಿತ್ತು?" ಎನ್ನಿ.

ಇನ್ನೂ ಕೆಲವು ಪ್ರಶ್ನೆಗಳು, ಬೇಕಾದರೆ ಹಾಗೇ ಎತ್ತಿಕೊಳ್ಳಿ:

ನಿಮಗೆ ಮೊದಲು ಸಿಕ್ಕಿದ ಸಂಬಳ ಏನು ಮಾಡಿದಿರಿ?
ಮನೆಯಲ್ಲಿ ಯಾವ ವಸ್ತುವನ್ನು ಮುಟ್ಟಿದರೆ ಏಟು ಬೀಳುತ್ತಿತ್ತು?
ನಿಮ್ಮ ಅಜ್ಜಿ ನಡೆದು ಬರುವ ಸದ್ದು ಹೇಗಿತ್ತು?
ಯಾರೊಂದಿಗಾದರೂ ಮಾತು ಬಿಟ್ಟಿದ್ದು ಉಂಟಾ? ಮತ್ತೆ ಮಾತು ಶುರುವಾದದ್ದು ಹೇಗೆ?
ನಿಮ್ಮ ಬಗ್ಗೆ ಮನೆಯವರು ಹೇಳುವ ಕಥೆಗಳಲ್ಲಿ ಯಾವುದು ಸುಳ್ಳು?

ಕೊನೆಯದು ನನಗೆ ಬಹಳ ಇಷ್ಟ. ಸಾಮಾನ್ಯವಾಗಿ ಮೊದಲು ನಗು ಬರುತ್ತದೆ, ಆಮೇಲೆ ಬಂಡವಾಳ ಹೊರಬೀಳುತ್ತದೆ.

ಉತ್ತರ ಮುಗಿಯಿತು ಅನ್ನಿಸಿದಾಗ ಮುಂದಿನ ಪ್ರಶ್ನೆಗೆ ಧಾವಿಸಬೇಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೌನ ಇಬ್ಬರಿಗೂ ಕಷ್ಟ, ನೀವು ತಡೆದುಕೊಂಡರೆ ಅವರು ತುಂಬುತ್ತಾರೆ. "ಹೂಂ, ಹೂಂ" ಎನ್ನುವ ಅಭ್ಯಾಸವನ್ನೂ ಬಿಡಿ. ತಲೆ ಆಡಿಸಿದರೆ ಸಾಕು, ದನಿ ರೆಕಾರ್ಡಿಂಗಿಗೆ ಅಡ್ಡ ಬರುತ್ತದೆ.

ಇಸವಿ ಕೇಳಿ ಪೀಡಿಸಬೇಡಿ. ಬಹಳ ಜನರಿಗೆ ಇಸವಿ ನೆನಪಿರುವುದಿಲ್ಲ, ಕ್ರಮ ನೆನಪಿರುತ್ತದೆ. "ಅದು ನಿಮ್ಮ ತಂಗಿ ಹುಟ್ಟುವ ಮುಂಚೆಯಾ, ಆಮೇಲಾ? ಆಗ ನೀವು ಎಷ್ಟನೇ ಕ್ಲಾಸು?" ಪತ್ತೇದಾರ ಆರೋಪಿಯ ಸಮಯ ಲೆಕ್ಕ ಹಾಕುವ ಹಾಗೆ, ಇಸವಿಯನ್ನು ನೀವು ಆಮೇಲೆ ಕೂಡಿಸಿ ಕಳೆದು ಹಿಡಿಯಬಹುದು. ಇನ್ನೊಂದು ವಿಷಯ: ವಯಸ್ಸಾದವರು ಹತ್ತರಿಂದ ಮೂವತ್ತು ವರ್ಷದ ನಡುವಿನ ಜೀವನವನ್ನು ಉಳಿದ ಕಾಲಕ್ಕಿಂತ ಹೆಚ್ಚು ನೆನಪಿಟ್ಟುಕೊಂಡಿರುತ್ತಾರೆ ಎಂದು ನೆನಪಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮಾತು ಒಣಗಿದರೆ ಆ ವಯಸ್ಸಿಗೆ ಹೋಗಿ.

ಮರೆವಿನ ಕಾಯಿಲೆ ಇರುವವರೊಂದಿಗೆ ಹತ್ತು ಹದಿನೈದು ನಿಮಿಷ ಸಾಕು. ತಿದ್ದಬೇಡಿ, ಪರೀಕ್ಷೆ ಮಾಡಬೇಡಿ. "ನೆನಪಿದೆಯಾ?" ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ಫೋಟೋ, ಹಳೇ ಹಾಡು, ಕೈಗೆ ಸಿಗುವ ಹಳೇ ವಸ್ತು ಇವು ಪ್ರಶ್ನೆಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಒಂದೇ ಕಥೆ ಮೂರು ಸಲ ಬಂದರೆ ಮೂರನ್ನೂ ಇಟ್ಟುಕೊಳ್ಳಿ. ಪ್ರತಿ ಸಲ ಏನೋ ಒಂದು ಬೇರೆಯಾಗಿರುತ್ತದೆ.

ಹಂತ 6: ಗುಟ್ಟು ಹೊರಬಿದ್ದರೆ

ಬೀಳುತ್ತದೆ. ಯಾರೋ ಮನೆ ಬಿಟ್ಟು ಹೋದದ್ದು, ಸಾಲ, ಮುರಿದ ಮದುವೆ, ಹೆಸರೇ ಹೇಳದ ಒಂದು ಮಗು. ಕಾದಂಬರಿಯ ಪತ್ತೇದಾರನಿಂದ ನಾವು ದೂರ ಸರಿಯಬೇಕಾದ ಜಾಗ ಇದು. ಅವನಿಗೆ ತಪ್ಪೊಪ್ಪಿಗೆ ಬೇಕು, ನಮಗೆ ಬೇಡ. ದನಿ ನಡುಗಿದರೆ ನೀರು ಕೊಡಿ, "ನಿಲ್ಲಿಸೋಣವಾ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಅಳುವವರೆಲ್ಲ ನಿಲ್ಲಿಸಲು ಬಯಸುವುದಿಲ್ಲ. ಆದರೆ ನಿರ್ಧಾರ ಅವರದು. ಅಂಥ ಮಾತಿನ ಮೇಲೆ ರೆಕಾರ್ಡಿಂಗ್ ಮುಗಿಸಬೇಡಿ. ಹಗುರವಾದ ಒಂದೆರಡು ಪ್ರಶ್ನೆ ಕೇಳಿ, ಮಾತು ತಿಳಿಯಾದ ಮೇಲೆ ನಿಲ್ಲಿಸಿ.

ಆ ಗುಟ್ಟು ಬದುಕಿರುವ ಮೂರನೆಯವರದ್ದಾಗಿದ್ದರೆ ಆ ಭಾಗವನ್ನು ಬೇರೆ ಫೈಲ್ ಮಾಡಿ. ಯಾರು, ಯಾವಾಗ ಕೇಳಬಹುದು ಎಂದು ಹೇಳಿದವರಿಂದಲೇ ತೀರ್ಮಾನ ಪಡೆದು ಬರೆದಿಡಿ. ಅದೇ ಸಂಜೆ ಕುಟುಂಬದ ಗ್ರೂಪಿಗೆ ಕ್ಲಿಪ್ ಹಾಕುವ ಆಸೆ ಆಗುತ್ತದೆ. ತಡೆದುಕೊಳ್ಳಿ.

ಹಂತ 7: ಇಬ್ಬರ ಮಾತು ತಾಳೆಯಾಗದಿದ್ದರೆ

ಅಣ್ಣ ಹೇಳುತ್ತಾರೆ ಮನೆ ಮಾರಿದ್ದು ಅಪ್ಪ. ತಂಗಿ ಹೇಳುತ್ತಾರೆ ಅಪ್ಪ ಆಗ ಊರಲ್ಲೇ ಇರಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ಇತ್ಯರ್ಥ ಮಾಡಲು ಹೋಗಬೇಡಿ. ಜೋರು ದನಿಯವರು ಗೆಲ್ಲುತ್ತಾರೆ, ಇನ್ನೊಬ್ಬರ ನೆನಪು ಅಲ್ಲಿಗೆ ಮುಚ್ಚಿಹೋಗುತ್ತದೆ. ಎರಡನ್ನೂ ಹಾಗೆಯೇ ಇಡಿ. ಆಮೇಲೆ ಕಾಗದಗಳತ್ತ ನೋಡಿ: ಪತ್ರದ ಅಂಚೆ ಮುದ್ರೆ, ಶಾಲೆಯ ಸರ್ಟಿಫಿಕೇಟು, ಫೋಟೋದ ಹಿಂದೆ ಇರುವ ಸ್ಟುಡಿಯೋ ಮೊಹರು, ಆಸ್ತಿ ಪತ್ರದ ತಾರೀಖು. ಕಾಗದ ಒಬ್ಬರ ಪರ ನಿಂತರೂ ಇನ್ನೊಬ್ಬರ ರೆಕಾರ್ಡಿಂಗ್ ಅಳಿಸಬೇಡಿ. ತಂಗಿಯ ನೆನಪಿನಲ್ಲಿ ಅಪ್ಪ ಯಾಕೆ ಊರಲ್ಲಿರಲಿಲ್ಲ? ಅದಕ್ಕೂ ಒಂದು ಕಾರಣ ಇರುತ್ತದೆ.

ಹಂತ 8: ಫೈಲುಗಳ ಗತಿ

ಇಂಗ್ಲೆಂಡಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ 1960ರ ದಶಕದಲ್ಲಿ ಆತ್ಮಕಥೆಗಾಗಿ ಟೇಪ್ ರೆಕಾರ್ಡರ್ ಮುಂದೆ ಕೂತು ತಮ್ಮ ನೆನಪುಗಳನ್ನು ಹೇಳಿದ್ದರು. ಅವರು ತೀರಿಕೊಂಡದ್ದು 1976ರಲ್ಲಿ. ಆ ಟೇಪುಗಳು ಮೊಮ್ಮಗನಿಗೆ ಮನೆಯಲ್ಲಿ ಸಿಕ್ಕ ಸುದ್ದಿ ಹೊರಬಂದದ್ದು 2008ರಲ್ಲಿ, ಒಟ್ಟು 13 ಗಂಟೆಗೂ ಹೆಚ್ಚಿನ ದನಿ. ಜಗತ್ಪ್ರಸಿದ್ಧ ಲೇಖಕಿಯ ಮನೆಯಲ್ಲೇ ಹೀಗಾದರೆ, ನಮ್ಮ ಹಳೇ ಮೊಬೈಲಿನ ಒಳಗಿರುವ "ರೆಕಾರ್ಡಿಂಗ್ 17" ಎಂಬ ಫೈಲಿನ ಪಾಡೇನು?

ಅದೇ ದಿನ ಹೆಸರು ಬದಲಿಸಿ. ಮೊದಲು ಇಸವಿ, ಆಮೇಲೆ ತಿಂಗಳು, ದಿನ, ಮಾತಾಡಿದವರ ಹೆಸರು, ವಿಷಯ. ಹೀಗೆ ಬರೆದರೆ ಫೈಲುಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಮೂರು ಪ್ರತಿ ಇರಲಿ. ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಮನೆಯಲ್ಲಿರಲಿ. ಮಾತಾಡಿದವರು ಅಳಿಸಲು ಹೇಳಿದ ಭಾಗ ಬಿಟ್ಟರೆ ಮೂಲ ಫೈಲನ್ನು ಎಡಿಟ್ ಮಾಡಬೇಡಿ, ಕತ್ತರಿಸುವುದಿದ್ದರೆ ಪ್ರತಿಯಲ್ಲಿ ಮಾಡಿ. ಚಾಟ್ ಆ್ಯಪ್‌ನಲ್ಲಿ ಕಳಿಸಿದ್ದನ್ನು ಪ್ರತಿ ಎಂದು ಲೆಕ್ಕ ಹಾಕಬೇಡಿ. ವಾಯ್ಸ್ ಮೆಸೇಜ್ ಆಗಿ ಹೋದರೆ ಗುಣಮಟ್ಟ ಇಳಿದಿರುತ್ತದೆ.

ಎಲ್ಲವನ್ನೂ ಅಕ್ಷರಕ್ಕಿಳಿಸುವ ಹಟ ಬೇಡ. ಒಂದು ಗಂಟೆಯ ಮಾತನ್ನು ಕೈಯಲ್ಲಿ ಬರೆದಿಳಿಸಲು ನಾಲ್ಕರಿಂದ ಆರು ಗಂಟೆ ಸುಲಭವಾಗಿ ಹೋಗುತ್ತದೆ. ತಾನೇ ಬರೆದುಕೊಳ್ಳುವ ಸಾಫ್ಟ್‌ವೇರುಗಳು ಸಹಾಯ ಮಾಡುತ್ತವೆ, ಆದರೆ ಊರ ಹೆಸರು, ಅಡ್ಡಹೆಸರು, ಮನೆಮಾತಿನ ಸೊಗಡು ಬಂದಲ್ಲಿ ಎಡವುತ್ತವೆ. ಶುರುವಿಗೆ ಒಂದು ಸೂಚಿ ಸಾಕು: "4 ನಿಮಿಷ: ಹಳೇ ಮನೆ. 11 ನಿಮಿಷ: ಅಣ್ಣನ ಜಗಳ. 26 ನಿಮಿಷ: ಮೊದಲ ಕೆಲಸ." ಬರೆಯುವ ಭಾಗವನ್ನು ಅವರ ಮಾತಿನಲ್ಲೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ.

ಒಂದು ಪ್ರತಿಯನ್ನು ಸೂಚಿಯ ಜೊತೆ ಮಾತಾಡಿದವರಿಗೇ ಕೊಡಿ. ಕೇಳಿಸಿಕೊಂಡ ಮೇಲೆ ಹೆಚ್ಚಿನವರು ಎರಡು ದಿನ ಬಿಟ್ಟು ಫೋನ್ ಮಾಡುತ್ತಾರೆ: "ಅವತ್ತು ಒಂದು ಹೇಳುವುದು ಬಿಟ್ಟುಹೋಯಿತು ನೋಡು." ಆ ಫೋನ್ ಬಂದಾಗ ಅಲ್ಲೇ ಪೂರ್ತಿ ಕೇಳಿಬಿಡಬೇಡಿ. ವಿಷಯ ಏನೆಂದು ಒಂದು ಸಾಲು ಬರೆದುಕೊಳ್ಳಿ, ಅವರ ಮನೆಗೆ ಬರುವ ದಿನ ಗೊತ್ತುಮಾಡಿ, ಮೊಬೈಲ್ ಚಾರ್ಜ್ ಮಾಡಿಟ್ಟುಕೊಂಡು ಹೋಗಿ.